ಸಿಡಿಲಿನ ಮರುದಿನ ಲಿನಕ್ಸ್‌ಗೆ ಕಾಣದೆ ಹೋದದ್ದೇನು?

ಪ್ರಶ್ನೆ: ಸುಂಟಿಕೊಪ್ಪದ ಸಮೀಪ ನಮ್ಮದೊಂದು ಕಾಫಿ ತೋಟ ಮತ್ತು ಎರಡು ಕೋಣೆಗಳ ಹೋಂಸ್ಟೇ ಇದೆ. ತೋಟದ ಆಫೀಸಿನ ಡೆಸ್ಕ್‌ಟಾಪ್‌ಗೆ ಮಗಳು ಉಬುಂಟು 22.04 ಹಾಕಿಕೊಟ್ಟಿದ್ದಾಳೆ. ಕೂಲಿ ಲೆಕ್ಕ, ಹಣ್ಣಿನ ತೂಕ, ಮಳೆ ಲೆಕ್ಕ ಎಲ್ಲವೂ ಅದರಲ್ಲೇ ಇವೆ. ದಿನವೂ ರಾತ್ರಿ ಕೇಸಿನೊಳಗಿನ ಎರಡನೇ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹೋಗುತ್ತದೆ. ಮೇ ತಿಂಗಳಲ್ಲಿ ಒಂದು ರಾತ್ರಿ ಹತ್ತಿರದಲ್ಲೇ ಸಿಡಿಲು ಹೊಡೆದು ಕರೆಂಟ್ ಹೋಯಿತು. ಮರುದಿನದಿಂದ ಯಂತ್ರ ಆನ್ ಮಾಡಿದರೆ ಸಾಲು ಸಾಲು ಅಕ್ಷರಗಳು ಓಡಿ, ಒಂದೂವರೆ ನಿಮಿಷ ಒಂದೇ ಕಡೆ ನಿಂತು, ಕೊನೆಗೆ ‘ಎಮರ್ಜೆನ್ಸಿ ಮೋಡ್’ ಎಂಬ ಕಪ್ಪು ಪರದೆ ಬರುತ್ತದೆ. ಮಗಳು ಫೋನಿನಲ್ಲಿ ಹೇಳಿದಂತೆ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದೆವು. ನಮ್ಮ ಕಡತಗಳೆಲ್ಲ ಕಂಡವು, ಆದರೆ ಡಿಸ್ಕ್ ಮಾತ್ರ ಒಂದೇ ಕಾಣಿಸಿತು, ಲ್ಯಾನ್ ವೈರ್ ಹಾಕಿದರೆ ದೀಪವೂ ಹತ್ತಲಿಲ್ಲ. ಹೊಸ ಯುಎಸ್‌ಬಿ ವೈಫೈ ತಂದು ಚುಚ್ಚಿದರೆ ಅದನ್ನು ಸಿಡಿ ಡ್ರೈವ್ ಎಂದು ತೋರಿಸುತ್ತಿದೆ. ರಿಪೇರಿ ಅಂಗಡಿಯವರ ಪ್ರಕಾರ, ಲಿನಕ್ಸ್ ಮೊದಲ ಸಲ ಹಾಕುವಾಗ ಹಾರ್ಡ್‌ವೇರ್ ಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳುತ್ತದೆ, ಸಿಡಿಲಿಗೆ ಆ ಪಟ್ಟಿ ಕೆಟ್ಟಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು, ಇಲ್ಲವೇ ವಿಂಡೋಸ್ ಹಾಕಬೇಕು. ಇದಕ್ಕೂ ಮೊದಲು, ಜನವರಿಯ ಕೊಯ್ಲಿನ ಸಮಯದಲ್ಲಿ, ಒಂದು ದಿನ ಮಳೆ ಲೆಕ್ಕದ ಕಡತದೊಳಗೆ ಹಣ್ಣಿನ ತೂಕದ ಅಂಕಿಗಳು ಬಂದು ಕೂತಿದ್ದವು. ಲಿನಕ್ಸ್ ಹಾರ್ಡ್‌ವೇರನ್ನು ಗುರುತಿಸುವುದಾದರೂ ಹೇಗೆ? ನಾವು ಏನು ಮಾಡಬೇಕು?

ಉತ್ತರ: ಮೊದಲಿಗೆ ನಿಮ್ಮ ಮುಖ್ಯ ಆತಂಕಕ್ಕೆ ಉತ್ತರಿಸುತ್ತೇನೆ. ಎಲ್ಲವನ್ನೂ ಅಳಿಸುವ ಅಗತ್ಯವಿಲ್ಲ, ಮತ್ತು ಈಗಿನ ಸ್ಥಿತಿಯಲ್ಲಿ ಅಳಿಸಲೇಬಾರದು. ಏಕೆಂದರೆ ನಿಮ್ಮ ಬ್ಯಾಕಪ್ ಡಿಸ್ಕ್ ಕಾಣದಿರುವ ಈ ಹೊತ್ತಿನಲ್ಲಿ ನಿಮ್ಮ ಲೆಕ್ಕಪತ್ರಗಳ ಒಂದೇ ಒಂದು ಪ್ರತಿ ಉಳಿದಿರುವುದು ಆ ಮೊದಲ ಡಿಸ್ಕಿನಲ್ಲಿ. ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು, ಪೆನ್‌ಡ್ರೈವ್‌ನಿಂದ ಮತ್ತೊಮ್ಮೆ ಬೂಟ್ ಮಾಡಿ, ಆ ಕಡತಗಳನ್ನು ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ.

ಇನ್ನು ಅಂಗಡಿಯವರ ‘ಪಟ್ಟಿ’ಯ ವಿಚಾರ. ಲಿನಕ್ಸ್ ಅಂಥ ಪಟ್ಟಿಯನ್ನು ನಂಬಿ ಕೂರುವುದಿಲ್ಲ. ಪ್ರತಿ ಸಲ ಯಂತ್ರ ಆನ್ ಆದಾಗಲೂ ಅದು ಹಾರ್ಡ್‌ವೇರನ್ನು ಹೊಸದಾಗಿಯೇ ಕೇಳಿ ತಿಳಿದುಕೊಳ್ಳುತ್ತದೆ, ಆ ತಿಳಿವಳಿಕೆ ಮೆಮೊರಿಯಲ್ಲಿದ್ದು ಯಂತ್ರ ಆಫ್ ಆದಾಗ ಅಳಿಯುತ್ತದೆ. ಇದಕ್ಕೆ ಸಾಕ್ಷಿಯನ್ನು ನೀವೇ ಕೊಟ್ಟಿದ್ದೀರಿ. ಪೆನ್‌ಡ್ರೈವ್‌ನಲ್ಲಿದ್ದ ಉಬುಂಟು ನಿಮ್ಮ ಯಂತ್ರವನ್ನು ಹಿಂದೆಂದೂ ಕಂಡದ್ದಲ್ಲ, ಅದರ ಬಳಿ ಹಳೆಯ ಪಟ್ಟಿ ಇರುವ ಸಾಧ್ಯತೆಯೇ ಇಲ್ಲ. ಹಾಗಿದ್ದೂ ಅದಕ್ಕೂ ಲ್ಯಾನ್ ಕಾಣಲಿಲ್ಲ, ಎರಡನೇ ಡಿಸ್ಕ್ ಕಾಣಲಿಲ್ಲ. ಅಂದಮೇಲೆ ಹೊಸದಾಗಿ ಹಾಕಿದ ಲಿನಕ್ಸ್‌ಗೂ ಅವು ಕಾಣುವುದಿಲ್ಲ. ವಿಂಡೋಸ್‌ಗೂ ಕಾಣುವ ಸಂಭವ ಕಡಿಮೆ, ಏಕೆಂದರೆ ಅದು ಕೇಳುವುದೂ ಇದೇ ತಂತಿಗಳ ಮೇಲೆ, ಇದೇ ಪ್ರಶ್ನೆಗಳನ್ನು.

ಅಂಗಡಿಯವರ ಮಾತು ಎಲ್ಲಿಂದ ಬಂದಿರಬಹುದು ಎಂಬುದನ್ನು ಊಹಿಸಬಲ್ಲೆ. ಲಿನಕ್ಸ್ ಹುಟ್ಟಿದ 1991ರ ಸುಮಾರಿಗೆ ಕಂಪ್ಯೂಟರ್‌ಗಳಲ್ಲಿದ್ದ ಐಎಸ್‌ಎ ಎಂಬ ಹಳೆಯ ಬಗೆಯ ಕಾರ್ಡುಗಳಿಗೆ ತಮ್ಮ ಹೆಸರು ಹೇಳಿಕೊಳ್ಳುವ ವಿದ್ಯೆ ತಿಳಿದಿರಲಿಲ್ಲ. ಕಾರ್ಡಿನ ಮೇಲಿನ ಪುಟ್ಟ ಜಂಪರ್‌ಗಳನ್ನು ಕೈಯಿಂದ ಬದಲಾಯಿಸಿ, ಅದು ಯಾವ ವಿಳಾಸದಲ್ಲಿದೆ ಎಂದು ಸಾಫ್ಟ್‌ವೇರ್‌ಗೆ ಬರೆದುಕೊಡಬೇಕಿತ್ತು. ಬರೆದುಕೊಡದಿದ್ದರೆ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ಕತ್ತಲೆಯಲ್ಲಿ ಗೋಡೆ ತಡವಿದಂತೆ ಒಂದೊಂದು ವಿಳಾಸವನ್ನೂ ಮುಟ್ಟಿ ನೋಡುತ್ತಿತ್ತು, ಮುಟ್ಟಬಾರದ ಕಡೆ ಮುಟ್ಟಿದರೆ ಇಡೀ ಯಂತ್ರ ಸ್ತಬ್ಧವಾಗುತ್ತಿತ್ತು. 1992ರಲ್ಲಿ ಕಾರ್ಡುಗಳನ್ನೂ ಚಿಪ್ಪುಗಳನ್ನೂ ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ, 1996ರಲ್ಲಿ ಯುಎಸ್‌ಬಿ ಬಂದ ಮೇಲೆ ಆ ಕಾಲ ಮುಗಿಯಿತು. ಮಾತು ಮಾತ್ರ ಉಳಿದುಕೊಂಡಿದೆ.

ಈಗ ನಡೆಯುವುದು ತಡಕಾಟವಲ್ಲ, ವಿಚಾರಣೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಹೊಸಬರು ಸಿಕ್ಕರೆ ಮೊದಲು ‘ಯಾವ ಮನೆಯವರು’ ಎಂದು ಕೇಳಿ, ಅನಂತರ ಹೆಸರು ಕೇಳುವ ರೂಢಿ ಇದೆಯಲ್ಲ. ಕೊಡವರಲ್ಲಂತೂ ಮನೆಹೆಸರೇ ಮೊದಲು, ಸ್ವಂತ ಹೆಸರು ಆಮೇಲೆ. ಪಿಸಿಐ ಮತ್ತು ಯುಎಸ್‌ಬಿ ಸಾಧನಗಳೂ ಹಾಗೆಯೇ. ಪ್ರತಿಯೊಂದು ಸಾಧನದ ಒಳಗೂ ಎರಡು ಸಂಖ್ಯೆಗಳನ್ನು ಕೆತ್ತಿಟ್ಟಿರುತ್ತಾರೆ: ಒಂದು ತಯಾರಕರದ್ದು, ಇನ್ನೊಂದು ಆ ಮಾದರಿಯದ್ದು. ಇಂಟೆಲ್ ಕಂಪನಿಯ ಮನೆಸಂಖ್ಯೆ 8086. 1978ರಲ್ಲಿ ಅದು ಹೊರತಂದ ಪ್ರೊಸೆಸರ್‌ನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಬಹಳ ಮದರ್‌ಬೋರ್ಡುಗಳ ಲ್ಯಾನ್ ಚಿಪ್ಪು ರಿಯಲ್‌ಟೆಕ್‌ನದು, ಅದರ ಮನೆಸಂಖ್ಯೆ 10ಇಸಿ (ಈ ಸಂಖ್ಯೆಗಳಲ್ಲಿ ಅಕ್ಷರಗಳೂ ಇರುತ್ತವೆ).

ಯಂತ್ರದ ಗುಂಡಿ ಒತ್ತಿದ ಕ್ಷಣದಿಂದ ನೋಡುವುದಾದರೆ, ಮೊದಲು ಎಚ್ಚರಗೊಳ್ಳುವುದು ಲಿನಕ್ಸ್ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಯುಇಎಫ್‌ಐ, ಅಂದರೆ ನಾವೆಲ್ಲ ಇನ್ನೂ ಬಯಾಸ್ ಎಂದೇ ಕರೆಯುವ ಫರ್ಮ್‌ವೇರ್. ಮೆಮೊರಿ ಎಷ್ಟಿದೆ ಎಂದು ಕಂಡುಕೊಳ್ಳುವುದು ಅದರ ಕೆಲಸ. ಪ್ರತಿ ರ‍್ಯಾಮ್ ಹಲಗೆಯ ಮೇಲೂ ತನ್ನ ಗಾತ್ರ, ವೇಗಗಳನ್ನು ಬರೆದಿಟ್ಟುಕೊಂಡ ಒಂದು ಚಿಕ್ಕ ಚಿಪ್ಪು ಇರುತ್ತದೆ, ಅದನ್ನು ಓದಿ ಮೆಮೊರಿಯ ನಕ್ಷೆಯೊಂದನ್ನು ಅದು ಸಿದ್ಧಪಡಿಸುತ್ತದೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳಲಾರದ ಭಾಗಗಳ ವಿವರವನ್ನು, ಅಂದರೆ ಪವರ್ ಗುಂಡಿ, ಉಷ್ಣಾಂಶದ ಸಂವೇದಕ, ಎಷ್ಟು ಪ್ರೊಸೆಸರ್ ಕೋರ್‌ಗಳಿವೆ, ಯಾವ ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಎಸಿಪಿಐ ಎಂಬ ಕೋಷ್ಟಕಗಳಲ್ಲಿ ಬರೆದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಒಪ್ಪಿಸುವುದೂ ಇದೇ ಫರ್ಮ್‌ವೇರ್. ರಾಸ್ಪ್‌ಬೆರಿ ಪೈನಂಥ ಚಿಕ್ಕ ಹಲಗೆಗಳಲ್ಲಿ ಈ ಕೆಲಸವನ್ನು ಡಿವೈಸ್ ಟ್ರೀ ಎಂಬ ಕಡತ ಮಾಡುತ್ತದೆ. ಇದೂ ಒಂದು ಬಗೆಯ ಪಟ್ಟಿಯೇ, ಆದರೆ ಅದನ್ನು ಬರೆದವರು ಬೋರ್ಡಿನ ತಯಾರಕರು, ಲಿನಕ್ಸ್ ಅಲ್ಲ.

ಬಳಿಕ ಗ್ರಬ್ ಎಂಬ ಬೂಟ್‌ಲೋಡರ್ ಎರಡು ಕಡತಗಳನ್ನು ಮೆಮೊರಿಗೆ ಏರಿಸುತ್ತದೆ. ಒಂದು ಕರ್ನಲ್, ಇನ್ನೊಂದು ಇನಿಟ್‌ರ‍್ಯಾಮ್‌ಎಫ್‌ಎಸ್, ಅಂದರೆ ಮುಖ್ಯ ಡಿಸ್ಕನ್ನು ತೆರೆಯಲು ಬೇಕಾದ ಡ್ರೈವರ್‌ಗಳನ್ನು ಹೊತ್ತ ಒಂದು ಸಣ್ಣ ಬುತ್ತಿ. ಡಿಸ್ಕಿನ ಡ್ರೈವರ್ ಡಿಸ್ಕಿನೊಳಗೇ ಇದ್ದರೆ ಅದನ್ನು ಓದುವುದು ಹೇಗೆ ಎಂಬ ಸಮಸ್ಯೆಗೆ ಈ ಬುತ್ತಿಯೇ ಉತ್ತರ. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಇದು ಅರ್ಧಂಬರ್ಧವಾಗಿ ಉಳಿದು, ಯಂತ್ರ ‘ರೂಟ್ ಕಡತವ್ಯವಸ್ಥೆ ಸಿಗಲಿಲ್ಲ’ ಎಂದು ಹಟ ಹಿಡಿಯುವುದುಂಟು. ಆಗ ಗ್ರಬ್‌ನ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಆರಿಸಿದರೆ ಬಹುತೇಕ ಕೆಲಸ ಆಗುತ್ತದೆ. ನಿಮ್ಮದು ಆ ಹಂತ ದಾಟಿ ಮುಂದೆ ಬಂದು ನಿಂತಿರುವುದರಿಂದ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕರ್ನಲ್ ಎದ್ದ ಮೇಲೆ ಪಿಸಿಐ ಬಸ್ಸಿನ ಮೇಲೆ ವಿಚಾರಣೆ ಶುರುವಾಗುತ್ತದೆ. ಇಲ್ಲಿ ಬಸ್ ಎಂದರೆ ಚಿಪ್ಪುಗಳು ಪರಸ್ಪರ ಮಾತಾಡುವ ದಾರಿ. ಒಂದು ಬಸ್ಸಿನಲ್ಲಿ 32 ಸ್ಥಾನಗಳು, ಒಂದೊಂದು ಸ್ಥಾನದಲ್ಲಿ ಹೆಚ್ಚೆಂದರೆ 8 ಕಾರ್ಯಘಟಕಗಳು. ಕರ್ನಲ್ ಪ್ರತಿ ಸ್ಥಾನಕ್ಕೂ ಹೋಗಿ ಮನೆಸಂಖ್ಯೆ ಕೇಳುತ್ತದೆ. ಅಲ್ಲಿ ಯಾರೂ ಇಲ್ಲದಿದ್ದರೆ ಎಲ್ಲ ಬಿಟ್‌ಗಳೂ 1 ಆಗಿರುವ ಒಂದು ಖಾಲಿ ಉತ್ತರ ಮರಳಿ ಬರುತ್ತದೆ, ಕರ್ನಲ್ ಒಂದು ಮಾತೂ ಆಡದೆ ಮುಂದಿನ ಸ್ಥಾನಕ್ಕೆ ಹೋಗುತ್ತದೆ. ಈ ಮೌನವನ್ನು ಗಮನಿಸಿ. ನಿಮ್ಮ ಲ್ಯಾನ್ ಚಿಪ್ಪು ಸುಟ್ಟಿದ್ದರೆ ಲಿನಕ್ಸ್ ‘ಚಿಪ್ಪು ಕೆಟ್ಟಿದೆ’ ಎಂದು ಹೇಳುವುದಿಲ್ಲ. ಅದರ ಲೆಕ್ಕದಲ್ಲಿ ಆ ಸ್ಥಾನದಲ್ಲಿ ಯಾವತ್ತೂ ಯಾರೂ ಇರಲಿಲ್ಲ. ನಿನ್ನೆಯ ಪಟ್ಟಿ ಅದರ ಬಳಿ ಇಲ್ಲದಿರುವುದರ ಇನ್ನೊಂದು ಮುಖ ಇದು.

ಉತ್ತರ ಬಂದರೆ, ಆ ಎರಡು ಸಂಖ್ಯೆಗಳನ್ನು ಸೇರಿಸಿ ಕರ್ನಲ್ ಒಂದು ಸುದ್ದಿಯನ್ನು ಹೊರಡಿಸುತ್ತದೆ. ಅದನ್ನು ಕೇಳಿಸಿಕೊಳ್ಳುವ ಸೇವೆಯ ಹೆಸರು ಯುಡೆವ್. 2003ರಲ್ಲಿ ಬಂದದ್ದು, 2012ರಿಂದ ಸಿಸ್ಟಂಡಿಯ, ಅಂದರೆ ಬೂಟ್ ಆಗುವಾಗ ಎಲ್ಲ ಸೇವೆಗಳನ್ನೂ ಎಬ್ಬಿಸುವ ವ್ಯವಸ್ಥೆಯ, ಭಾಗ. ಪ್ರತಿ ಡ್ರೈವರ್ ಕಡತದೊಳಗೂ ‘ನಾನು ಇಂಥಿಂಥ ಸಂಖ್ಯೆಯವರನ್ನು ನೋಡಿಕೊಳ್ಳಬಲ್ಲೆ’ ಎಂಬ ಸಾಲುಗಳಿರುತ್ತವೆ. ಯುಡೆವ್ ಆ ಸಂಖ್ಯೆಗೆ ಹೊಂದುವ ಡ್ರೈವರನ್ನು ಏರಿಸುವಂತೆ ಮಾಡಿ, ಸಾಧನಕ್ಕೆ ಹೆಸರು, ಅನುಮತಿಗಳನ್ನು ಕೊಡುತ್ತದೆ. ಯುಡೆವ್ ಏಳುವ ಮೊದಲೇ ಕರ್ನಲ್ ಕಂಡ ಸಾಧನಗಳ ಗತಿ ಏನು ಎಂದು ಕೇಳಬಹುದು. ಅವುಗಳ ಸುದ್ದಿಯನ್ನು ಮತ್ತೊಮ್ಮೆ ಹೊರಡಿಸುವಂತೆ ಅದು ಕರ್ನಲ್‌ಗೆ ಹೇಳುತ್ತದೆ, ತಡವಾಗಿ ಬಂದವರಿಗೆ ಪರಿಚಯವನ್ನು ಇನ್ನೊಮ್ಮೆ ಮಾಡಿಕೊಟ್ಟ ಹಾಗೆ.

ಇಷ್ಟೆಲ್ಲ ವಿವರಿಸಿದ್ದಕ್ಕೆ ಕಾರಣವಿದೆ. ‘ಲಿನಕ್ಸ್‌ಗೆ ಕಾಣುವುದಿಲ್ಲ’ ಎಂದು ನನ್ನಲ್ಲಿಗೆ ಬರುವ ಹತ್ತು ಯಂತ್ರಗಳಲ್ಲಿ ತೊಂದರೆ ಹತ್ತು ಬಗೆಯದ್ದಿರಬಹುದು, ಆದರೆ ಅದು ತಪ್ಪಿರುವ ಮೆಟ್ಟಿಲು ನಾಲ್ಕರಲ್ಲಿ ಒಂದು: ಸಾಧನ ಬಸ್ಸಿನ ಮೇಲೆ ಉತ್ತರಿಸಲೇ ಇಲ್ಲ; ಉತ್ತರಿಸಿತು, ಆದರೆ ಹೊಂದುವ ಡ್ರೈವರ್ ಸಿಗಲಿಲ್ಲ; ಡ್ರೈವರ್ ಸಿಕ್ಕಿತು, ಆದರೆ ಸಾಧನದೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತ ಇರಲಿಲ್ಲ; ಎಲ್ಲವೂ ಆಯಿತು, ಆದರೆ ನಾವು ನಿರೀಕ್ಷಿಸಿದ ಹೆಸರಿನಲ್ಲಿ ಕಾಣಿಸಿಕೊಳ್ಳಲಿಲ್ಲ. ಮೊದಲನೆಯದಕ್ಕೆ ಸ್ಕ್ರೂಡ್ರೈವರ್ ಬೇಕು, ಉಳಿದ ಮೂರಕ್ಕೆ ಕೀಬೋರ್ಡ್ ಸಾಕು. ನಿಮ್ಮ ಒಂದೇ ಮೇಜಿನ ಮೇಲೆ ಮೊದಲನೆಯದು, ಎರಡನೆಯದು, ನಾಲ್ಕನೆಯದು ಮೂರೂ ಸೇರಿಕೊಂಡಿವೆ, ಹಾಗಾಗಿ ಅಂಗಡಿಯವರು ಗಲಿಬಿಲಿಗೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎಮರ್ಜೆನ್ಸಿ ಮೋಡ್‌ನ ವಿಚಾರ ಮೊದಲು ಮುಗಿಸೋಣ. ಆ ಒಂದೂವರೆ ನಿಮಿಷ ಲಿನಕ್ಸ್ ಹಾರ್ಡ್‌ವೇರ್ ಹುಡುಕುವುದಕ್ಕೆ ತೆಗೆದುಕೊಳ್ಳುವ ಸಮಯವಲ್ಲ. ಹುಡುಕಾಟ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಮುಗಿದಿರುತ್ತದೆ. ಅದು ಕಾಯುವ ಸಮಯ. ಬೂಟ್ ಆಗುವಾಗ ಯಾವ ಯಾವ ಡಿಸ್ಕನ್ನು ಎಲ್ಲೆಲ್ಲಿ ಜೋಡಿಸಬೇಕು ಎಂದು ‘ಎಫ್‌ಎಸ್‌ಟ್ಯಾಬ್’ (fstab) ಎಂಬ ಕಡತದಲ್ಲಿ ಬರೆದಿರುತ್ತದೆ, ನಿಮ್ಮ ಮಗಳು ಬ್ಯಾಕಪ್ ಡಿಸ್ಕನ್ನು ಅಲ್ಲಿ ಸೇರಿಸಿರಬೇಕು. ಆ ಡಿಸ್ಕ್ ಈಗ ಕಾಣುತ್ತಿಲ್ಲ. ಬರೆದಿದ್ದಾರೆ ಎಂದಮೇಲೆ ಬಂದೇ ಬರುತ್ತದೆ ಎಂದು ಸಿಸ್ಟಂಡಿ 90 ಸೆಕೆಂಡು ಕಾದು, ಬಾರದಿದ್ದಾಗ, ಇದು ಇಲ್ಲದೆ ಮುಂದುವರಿಯುವುದು ಕ್ಷೇಮವೋ ಅಲ್ಲವೋ ತಿಳಿಯದೆ, ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಅಂಗಡಿಯವರು ಹೇಳಿದ ‘ಪಟ್ಟಿ’ಗೆ ಹತ್ತಿರವಾದದ್ದು ಏನಾದರೂ ಇದ್ದರೆ ಅದು ಈ ಕಡತ, ಆದರೆ ಅದು ಮನುಷ್ಯರು ಬರೆದ ನಿರೀಕ್ಷೆ, ಯಂತ್ರ ಬರೆದ ದಾಖಲೆಯಲ್ಲ. ಅದು ಕೆಟ್ಟಿಲ್ಲ. ಅದರಲ್ಲಿ ಬರೆದ ಡಿಸ್ಕ್ ಗೈರುಹಾಜರಾಗಿದೆ, ಅಷ್ಟೆ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಎಮರ್ಜೆನ್ಸಿ ಪರದೆಯಲ್ಲಿ ರೂಟ್ ಎಂಬ ಮೇಲ್ವಿಚಾರಕ ಖಾತೆಗೆ ಬೀಗ ಹಾಕಿದ್ದರೆ ಒಳಗೆ ಬಿಡದಿರಬಹುದು, ಆದ್ದರಿಂದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೇ ಆ ಕಡತವನ್ನು ತೆರೆಯುವುದು ಸುಲಭ. ಬ್ಯಾಕಪ್ ಡಿಸ್ಕಿನ ಸಾಲಿನ ಆರಂಭಕ್ಕೆ ಒಂದು ಹ್ಯಾಷ್ ಗುರುತು (#) ಹಾಕಿದರೆ ಆ ಸಾಲು ನಿಷ್ಕ್ರಿಯವಾಗುತ್ತದೆ, ಯಂತ್ರ ಮೊದಲಿನಂತೆ ಏಳುತ್ತದೆ. ಬೇರೆ ಸಾಲುಗಳನ್ನು, ವಿಶೇಷವಾಗಿ ಒಂಟಿ ಓರೆಗೆರೆ ಇರುವ ರೂಟ್ ಸಾಲನ್ನು, ಮುಟ್ಟಬೇಡಿ. ಹ್ಯಾಷ್ ಹಾಕುವ ಬದಲು ‘ನೋಫೇಲ್’ (nofail) ಎಂಬ ಆಯ್ಕೆಯನ್ನು ಆ ಸಾಲಿಗೆ ಸೇರಿಸಬಹುದು ಎಂದು ಅನೇಕರು ಹೇಳುತ್ತಾರೆ, ಡಿಸ್ಕ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ ಎಂಬುದು ಅದರ ಅರ್ಥ. ಅನುಕೂಲವೇ, ಆದರೆ ಅದರಲ್ಲೊಂದು ಅಪಾಯವಿದೆ: ಡಿಸ್ಕ್ ಜೋಡಣೆಯಾಗದ ದಿನವೂ ಅದರ ಖಾಲಿ ಫೋಲ್ಡರ್ ಮುಖ್ಯ ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ರಾತ್ರಿಯ ಬ್ಯಾಕಪ್ ಯಾವ ದೂರೂ ಹೇಳದೆ ಅದರೊಳಗೆ ಬರೆದು ಮುಗಿಸುತ್ತದೆ. ವಿರಾಜಪೇಟೆಯ ಕಡೆಯ ಒಂದು ತೋಟದಲ್ಲಿ ಏಳು ತಿಂಗಳ ‘ಬ್ಯಾಕಪ್’ ಹೀಗೆ ಮೂಲ ಇದ್ದ ಡಿಸ್ಕಿನಲ್ಲೇ ಕೂತಿದ್ದನ್ನು ನಾನು ಕಂಡಿದ್ದೇನೆ. ಹ್ಯಾಷ್ ಹಾಕಿದರೂ ಅಪಾಯ ಇದೇ. ಹಾಗಾಗಿ ಎರಡರಲ್ಲಿ ಯಾವುದನ್ನು ಮಾಡಿದರೂ, ಡಿಸ್ಕ್ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಿ ಮುಂದುವರಿಯುವ ಒಂದು ಸಾಲನ್ನು ಬ್ಯಾಕಪ್ ಸ್ಕ್ರಿಪ್ಟಿಗೆ ಸೇರಿಸಲು ಮಗಳಿಗೆ ಹೇಳಿ.

ಆ ಡಿಸ್ಕ್ ಸತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಸಾಟಾ ಎಂಬ ಬಗೆಯ ತಂತಿಯಿಂದ ಮದರ್‌ಬೋರ್ಡಿಗೆ ಜೋಡಿಸಿದ ಡಿಸ್ಕ್ ಕಾಣಿಸಿಕೊಳ್ಳಬೇಕಾದರೆ ಮೊದಲು ತಂತಿಯ ಎರಡೂ ತುದಿಗಳ ನಡುವೆ ಸಂಪರ್ಕ ಏರ್ಪಡಬೇಕು, ಆಮೇಲೆ ‘ನೀನು ಯಾರು’ ಎಂಬ ಪ್ರಶ್ನೆಗೆ ಡಿಸ್ಕ್ ತನ್ನ ಮಾದರಿ, ಕ್ರಮಸಂಖ್ಯೆ, ಗಾತ್ರಗಳನ್ನು ಹೇಳಬೇಕು. ಕರ್ನಲ್‌ನ ಸಂದೇಶಗಳಲ್ಲಿ ಆ ಪೋರ್ಟಿಗೆ ‘ಸಾಟಾ ಲಿಂಕ್ ಡೌನ್’ ಎಂದಿದ್ದರೆ ತಂತಿ, ಪವರ್ ಕನೆಕ್ಟರ್, ಇಲ್ಲವೇ ಡಿಸ್ಕಿನ ಸರ್ಕ್ಯೂಟ್ ಬೋರ್ಡಿನ ತೊಂದರೆ. ‘ಲಿಂಕ್ ಅಪ್’ ಎಂದಿದ್ದೂ ಗುರುತು ಸಿಗದಿದ್ದರೆ ಡಿಸ್ಕಿಗೇ ಕಾಯಿಲೆ. ತಂತಿಯನ್ನು ಬದಲಾಯಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ನಮ್ಮ ಮಳೆಗಾಲದ ತೇವಕ್ಕೆ ಕನೆಕ್ಟರ್‌ಗಳ ಮೇಲೆ ಹಸಿರು ಪಾಚಿಯಂಥ ಕಿಲುಬು ಹಿಡಿಯುವುದು ಸಾಮಾನ್ಯ, ಕೇಸು ತೆರೆದರೆ ಹಲ್ಲಿ ಮೊಟ್ಟೆಗಳೂ ಸಿಗುತ್ತವೆ. ಹೊಸ ತಂತಿಯಲ್ಲೂ ಕಾಣದೆ, ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಅದರಲ್ಲಿದ್ದದ್ದು ಬ್ಯಾಕಪ್ ಮಾತ್ರ ಆಗಿದ್ದರೆ ಹೊಸ ಡಿಸ್ಕ್ ಕೊಳ್ಳುವುದೇ ಲಾಭ.

ಲ್ಯಾನ್ ಪೋರ್ಟಿನದು ನಿಜವಾದ ಸಿಡಿಲಿನ ಏಟು ಎಂದು ನನ್ನ ಅಂದಾಜು. ಸಿಡಿಲು ಯಂತ್ರದ ಮೇಲೇ ಬೀಳಬೇಕಾಗಿಲ್ಲ. ತೋಟದ ಮರಗಳ ನಡುವೆ ಹಾದುಬರುವ ಉದ್ದನೆಯ ತಂತಿಯ ಹತ್ತಿರ ಬಿದ್ದರೂ ಸಾಕು, ಅದರ ಪ್ರೇರಣೆಯಿಂದ ಎದ್ದ ಅಧಿಕ ವೋಲ್ಟೇಜ್ ಮೋಡೆಮ್‌ಗೆ ಇಳಿದು, ಅಲ್ಲಿಂದ ಲ್ಯಾನ್ ವೈರಿನ ಮೂಲಕ ಕಂಪ್ಯೂಟರ್‌ಗೆ ಹೋಗುತ್ತದೆ. ಫೈಬರ್ ಸಂಪರ್ಕವಿದ್ದರೂ ಮೋಡೆಮ್‌ನ ಪವರ್ ಅಡಾಪ್ಟರ್ ದಾರಿ ಬಿಟ್ಟುಕೊಡುತ್ತದೆ. ಲ್ಯಾನ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು 1500 ವೋಲ್ಟ್ ತಡೆಯುವಂತೆ ರೂಪಿಸಿದವು, ಹತ್ತಿರದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ಆದರೂ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಿ. ಯಂತ್ರ ಆಫ್ ಇದ್ದಾಗಲೂ ಲ್ಯಾನ್ ಚಿಪ್ಪಿಗೆ ಸ್ಟ್ಯಾಂಡ್‌ಬೈ ವಿದ್ಯುತ್ ಹೋಗುತ್ತಲೇ ಇರುತ್ತದೆ, ಹಾಗಾಗಿ ಒಮ್ಮೆ ಮಂಕಾದ ಚಿಪ್ಪು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಮಂಕಾಗಿಯೇ ಉಳಿಯಬಹುದು. ಪವರ್ ಕೇಬಲ್ಲನ್ನೂ ಲ್ಯಾನ್ ವೈರನ್ನೂ ಪೂರ್ತಿ ಕಿತ್ತು, ಪವರ್ ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ಇಷ್ಟರಿಂದಲೇ ಎದ್ದು ಕೂತ ಪೋರ್ಟುಗಳನ್ನು ಕಂಡಿದ್ದೇನೆ. ಅದಾದ ಮೇಲೆ ಬಯಾಸ್ ಒಳಗೆ ಹೋಗಿ ದಿನಾಂಕ ಸರಿಯಿದೆಯೇ ನೋಡಿ. ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಾಕಾರದ 3 ವೋಲ್ಟ್ ಸೆಲ್ ಮುಗಿದಿದೆ, ಅದರ ಜೊತೆಗೆ ನಿಮ್ಮ ಹಳೆಯ ಬಯಾಸ್ ಸೆಟ್ಟಿಂಗುಗಳೂ ಅಳಿಸಿಹೋಗಿರಬಹುದು. ಲ್ಯಾನ್ ಆಫ್ ಆಗಿದೆಯೇ, ಸಾಟಾ ವಿಧಾನ ‘ಎಎಚ್‌ಸಿಐ’ ಇದ್ದದ್ದು ‘ರೇಡ್’ಗೆ ಹೋಗಿದೆಯೇ ಎಂದು ಪರಿಶೀಲಿಸಿ, ಕೆಲವು ಇಂಟೆಲ್ ಯಂತ್ರಗಳಲ್ಲಿ ರೇಡ್ ವಿಧಾನದಲ್ಲಿ ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕುಗಳು ಲಿನಕ್ಸ್‌ನ ಕಣ್ಣಿಗೆ ಬೀಳುವುದೇ ಇಲ್ಲ.

ಆಮೇಲೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂಬ ಕಮಾಂಡ್ ಕೊಡಿ, ಅದರ ನಂತರ ‘-ಎನ್‌ಎನ್‌ಕೆ’ ಸೇರಿಸಿದರೆ (lspci -nnk) ಪ್ರತಿ ಸಾಧನದ ಎರಡು ಸಂಖ್ಯೆಗಳೂ ಅದನ್ನು ಹಿಡಿದಿರುವ ಡ್ರೈವರ್‌ನ ಹೆಸರೂ ಕಾಣುತ್ತವೆ. ‘ಈಥರ್‌ನೆಟ್ ಕಂಟ್ರೋಲರ್’ ಎಂಬ ಸಾಲೇ ಇಲ್ಲದಿದ್ದರೆ ಚಿಪ್ಪು ಬಸ್ಸಿನ ಮೇಲೆ ಉತ್ತರಿಸುತ್ತಿಲ್ಲ, ಯಾವ ಸಾಫ್ಟ್‌ವೇರ್‌ಗೂ ಅದನ್ನು ಎಬ್ಬಿಸಲಾಗದು. ಸಾಲು ಇದ್ದು, ಡ್ರೈವರ್‌ನ ಹೆಸರೂ ಇದ್ದು, ವೈರ್ ಹಾಕಿದಾಗ ದೀಪ ಮಾತ್ರ ಹತ್ತದಿದ್ದರೆ ಚಿಪ್ಪಿನ ಅರ್ಧ ಭಾಗ ಬದುಕಿದೆ, ತಂತಿಯ ಕಡೆಯ ಅರ್ಧ ಸುಟ್ಟಿದೆ ಎನ್ನಬಹುದು. ಆದರೆ ಮೊದಲು ಆ ವೈರಿಗೂ ಮೋಡೆಮ್‌ಗೂ ಬೇರೆ ಲ್ಯಾಪ್‌ಟಾಪ್ ಹಾಕಿ ನೋಡಿ, ಸುಟ್ಟಿರುವುದು ಆ ಕಡೆಯೇ ಇರಬಹುದು. ಚಿಪ್ಪೇ ಹೋಗಿದ್ದರೆ ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. ಒಂದು ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡ್ ಸಾಕು. ಕಾರ್ಡ್ ಹಾಕಿದ ಮೇಲೆ ಸಂಪರ್ಕದ ಹೆಸರು ಬದಲಾಗುತ್ತದೆ, ಏಕೆಂದರೆ ಈಗಿನ ಲಿನಕ್ಸ್ ಲ್ಯಾನ್‌ಗೆ ಹೆಸರಿಡುವುದು ಅದು ಕೂತಿರುವ ಬಸ್ಸು ಮತ್ತು ಸ್ಥಾನವನ್ನು ನೋಡಿ. ಮಗಳು ಎಲ್ಲಾದರೂ ಹಳೆಯ ಹೆಸರನ್ನು ಕೈಯಾರೆ ಬರೆದಿದ್ದರೆ ಅಲ್ಲಿ ತಿದ್ದಬೇಕಾಗುತ್ತದೆ.

ಇನ್ನು ಸಿಡಿ ಡ್ರೈವ್ ವೇಷದ ವೈಫೈ. ಇದು ಕೆಟ್ಟಿಲ್ಲ, ಲಿನಕ್ಸ್ ತಪ್ಪು ಓದಿಯೂ ಇಲ್ಲ. ಸಾಧನವೇ ಹಾಗೆ ಹೇಳಿಕೊಂಡಿದೆ. ಯುಎಸ್‌ಬಿ ಸಾಧನವೊಂದನ್ನು ಚುಚ್ಚಿದಾಗ ಅದರೊಳಗಿನ ಒಂದು ರೆಸಿಸ್ಟರ್ ತಂತಿಯ ವೋಲ್ಟೇಜನ್ನು ಏರಿಸುತ್ತದೆ, ಅದರಿಂದ ಯಾರೋ ಬಂದಿದ್ದಾರೆ ಎಂದು ತಿಳಿಯುತ್ತದೆ. ಹೊಸದಾಗಿ ಬಂದವರೆಲ್ಲ ಮೊದಲು 0 ಎಂಬ ವಿಳಾಸದಲ್ಲೇ ಮಾತಾಡಬೇಕು. ಕರ್ನಲ್ ಅವರಿಗೆ 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು, 18 ಬೈಟ್‌ಗಳ ಒಂದು ಪರಿಚಯಪತ್ರವನ್ನು ಕೇಳಿ ಪಡೆಯುತ್ತದೆ. ಅಗ್ಗದ ಕೆಲವು ವೈಫೈ ಸಾಧನಗಳ ತಯಾರಕರು ವಿಂಡೋಸ್ ಡ್ರೈವರನ್ನು ಬೇರೆ ಸಿಡಿಯಲ್ಲಿ ಕೊಡುವ ಬದಲು ಸಾಧನದೊಳಗೇ ತುಂಬಿ, ಮೊದಲ ಸಲ ಅದು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುವಂತೆ ಮಾಡಿರುತ್ತಾರೆ. ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡಿನಲ್ಲಿ ನಿಮ್ಮದರ ಸಂಖ್ಯೆ 0ಬಿಡಿಎ : 1ಎ2ಬಿ ಎಂದಿದ್ದರೆ ಅದು ರಿಯಲ್‌ಟೆಕ್‌ನ ಇದೇ ವೇಷ. ಫೈಲ್ ಮ್ಯಾನೇಜರಿನಲ್ಲಿ ಆ ‘ಸಿಡಿ’ಯನ್ನು ಇಜೆಕ್ಟ್ ಮಾಡಿ ನೋಡಿ: ಸಾಧನ ಒಮ್ಮೆ ಮಾಯವಾಗಿ, ಬೇರೆ ಸಂಖ್ಯೆಯೊಂದಿಗೆ ವೈಫೈ ಆಗಿ ಮರಳಿ ಬರಬೇಕು. ಪ್ರತಿ ಸಲ ಇದನ್ನು ತಾನಾಗಿ ಮಾಡಿಸಲು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಇದೆ.

ಹೊಸ ಸಂಖ್ಯೆಗೆ ನಿಮ್ಮ ಕರ್ನಲ್‌ನಲ್ಲಿ ಡ್ರೈವರ್ ಇದ್ದರೆ ಸರಿ. ಇಲ್ಲದಿದ್ದರೆ ಅಂಗಡಿಯವರ ವಿಂಡೋಸ್ ಮಾತಿಗೆ ಇಲ್ಲಿ ಸ್ವಲ್ಪ ಬಲವಿದೆ ಎಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ತಯಾರಕರು ಎಷ್ಟೋ ಸಾಧನಗಳಿಗೆ ಲಿನಕ್ಸ್ ಡ್ರೈವರ್ ಕೊಡುವುದೇ ಇಲ್ಲ. ಅಂತರ್ಜಾಲದಲ್ಲಿ ಯಾರೋ ಬರೆದಿಟ್ಟ ಡ್ರೈವರ್ ಇಳಿಸಿ ಹಾಕಿಕೊಳ್ಳಬಹುದು, ಆದರೆ ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿಯಬಹುದು, ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಒಳಗೆ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಆ ಡ್ರೈವರನ್ನು ಕರ್ನಲ್ ನಿರಾಕರಿಸುತ್ತದೆ, ಮಳೆಗಾಲದ ನಡುವೆ ಇಂಟರ್ನೆಟ್ ಇಲ್ಲದೆ ಕೂತು ಅದನ್ನು ರಿಪೇರಿ ಮಾಡುವುದು ಯಾರಿಗೂ ಬೇಡ. ಅಂಥ ಸಾಧನವನ್ನು ಅಂಗಡಿಗೆ ಮರಳಿಸಿ, ಕರ್ನಲ್‌ನಲ್ಲೇ ಡ್ರೈವರ್ ಇರುವ ಇನ್ನೊಂದನ್ನು ತರುವುದೇ ಜಾಣತನ. ನಿಮ್ಮ ಮಟ್ಟಿಗೆ ಲ್ಯಾನ್ ಕಾರ್ಡ್ ಹಾಕಿಸಿಕೊಂಡರೆ ಈ ವೈಫೈ ಬೇಕಾಗುವುದೂ ಇಲ್ಲ.

ಕೊನೆಯದು ಮಳೆ ಲೆಕ್ಕದೊಳಗೆ ಬಂದ ಹಣ್ಣಿನ ತೂಕ. ಇಂಚು, ಸೆಂಟ್ (ಇಂಚಿನ ನೂರನೇ ಭಾಗ) ಎಂದು ಎಣಿಸುವ ಕಡತದಲ್ಲಿ ಕಿಲೋಗಳನ್ನು ಕಂಡು, ಲೆಕ್ಕ ಬರೆಯುವ ನಿಮ್ಮ ರೈಟರು ಎಷ್ಟು ಕಕ್ಕಾಬಿಕ್ಕಿಯಾಗಿರಬಹುದು ಎಂದು ಊಹಿಸಬಲ್ಲೆ. ನೀವು ಬರೆದಿಲ್ಲವಾದರೂ, ತೂಕದ ಯಂತ್ರವೂ ಮಳೆಮಾಪಕವೂ ಯುಎಸ್‌ಬಿ-ಸೀರಿಯಲ್ ತಂತಿಗಳ ಮೂಲಕ ಜೋಡಣೆಯಾಗಿವೆ ಎಂದು ಇದರಿಂದಲೇ ಹೇಳಬಹುದು. ಅಂಥ ತಂತಿಗಳಿಗೆ ಕರ್ನಲ್ ಕಂಡ ಕ್ರಮದಲ್ಲಿ ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಎಂದು ಹೆಸರಿಡುತ್ತದೆ. ಕ್ರಮ ಪ್ರತಿ ಸಲ ಒಂದೇ ಆಗಿರುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ, ಹಲವು ಸಾಧನಗಳ ವಿಚಾರಣೆ ಏಕಕಾಲದಲ್ಲಿ ನಡೆಯುವುದರಿಂದ ಕ್ಷಣಾರ್ಧ ಮೊದಲು ಉತ್ತರಿಸಿದವನಿಗೆ 0 ಸಿಗುತ್ತದೆ. ಡಿಸ್ಕುಗಳ ಎಸ್‌ಡಿಎ, ಎಸ್‌ಡಿಬಿ ಹೆಸರುಗಳೂ ಹೀಗೆಯೇ ಅದಲುಬದಲಾಗುತ್ತವೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಅವುಗಳ ಬದಲು ಯುಯುಐಡಿ ಎಂಬ ಉದ್ದನೆಯ ಗುರುತನ್ನು ಬರೆಯುವುದು ಅದಕ್ಕಾಗಿಯೇ.

ಇದಕ್ಕೆ ಯುಡೆವ್ ಎರಡು ಬಗೆಯ ಸ್ಥಿರ ಹೆಸರುಗಳನ್ನು ತಾನಾಗಿಯೇ ಸಿದ್ಧಪಡಿಸಿಟ್ಟಿರುತ್ತದೆ. ಒಂದು ‘ಬೈ-ಐಡಿ’, ಸಾಧನದ ಕ್ರಮಸಂಖ್ಯೆಯ ಆಧಾರದ್ದು. ಇನ್ನೊಂದು ‘ಬೈ-ಪಾತ್’, ಅದನ್ನು ಚುಚ್ಚಿದ ತೂತಿನ ಆಧಾರದ್ದು. ಅಗ್ಗದ ತಂತಿಗಳಲ್ಲಿ ಹೆಚ್ಚಾಗಿ ಇರುವ ಸಿಎಚ್340 ಚಿಪ್ಪಿಗೆ ಸಾಮಾನ್ಯವಾಗಿ ಕ್ರಮಸಂಖ್ಯೆಯೇ ಇರುವುದಿಲ್ಲ, ಒಂದೇ ಮನೆಯ ಅವಳಿಗಳಿಗೆ ಒಂದೇ ಹೆಸರಿಟ್ಟಂತೆ ಎರಡೂ 1ಎ86 : 7523 ಎಂದೇ ಹೇಳಿಕೊಳ್ಳುತ್ತವೆ, ಆದ್ದರಿಂದ ನಿಮಗೆ ಬೈ-ಪಾತ್ ಹೆಸರೇ ಗತಿ. ನಿಮ್ಮ 22.04 ಆವೃತ್ತಿಯಲ್ಲಿ ಈ ಚಿಪ್ಪಿಗೆ ಇನ್ನೊಂದು ಕಾಟವೂ ಇದೆ: ಅಂಧರ ಬ್ರೈಲ್ ಫಲಕಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ (brltty) ಎಂಬ ಸೇವೆ ಇದೇ ಸಂಖ್ಯೆಯನ್ನು ಕಂಡು, ಇದು ನನ್ನದೇ ಎಂದು ಕಿತ್ತುಕೊಳ್ಳುತ್ತದೆ, ತೂಕದ ಯಂತ್ರ ಕಂಡಂತೆ ಆಗಿ ಮಾಯವಾಗುತ್ತದೆ. ಮನೆಯಲ್ಲಿ ಬ್ರೈಲ್ ಫಲಕ ಬಳಸುವವರು ಇಲ್ಲದಿದ್ದರೆ ಆ ಪ್ಯಾಕೇಜನ್ನು ತೆಗೆದುಹಾಕಬಹುದು.

ಬೈ-ಪಾತ್ ಹೆಸರನ್ನು ಎರಡೂ ಪ್ರೋಗ್ರಾಮ್‌ಗಳಲ್ಲಿ ಬರೆಸಿದ ಮೇಲೆ ಒಂದು ಎಚ್ಚರ: ಯಾರಾದರೂ ಗುಡಿಸುವಾಗ ತಂತಿ ಕಿತ್ತು ಬೇರೆ ತೂತಿಗೆ ಚುಚ್ಚಿದರೆ ಲೆಕ್ಕ ಮತ್ತೆ ಅದಲುಬದಲಾಗುತ್ತದೆ. ಕೇಸಿನ ಹಿಂಭಾಗದ ಎರಡು ತೂತುಗಳಿಗೂ ಆಯಾ ತಂತಿಯ ತುದಿಗೂ ಬಣ್ಣದ ಚುಕ್ಕೆ ಇಡಿಸಿ, ಹಣ್ಣಿಗೆ ಕೆಂಪು, ಮಳೆಗೆ ನೀಲಿ.